ಕೌದಿಯ ಹೊಲಿಗೆ, ಎರೆಭೂಮಿಯ ಬಿರುಕು: ಸುತ್ತಮುತ್ತಲೇ ಚಿತ್ರಗಳನ್ನು ಹುಡುಕುವ ಬಗೆ

ಫೋಟೋ ತೆಗೆಯಲು ಹೊಸ ವಿಷಯವೇ ಸಿಗುತ್ತಿಲ್ಲ ಎಂದು ಬೇಸರಪಡುವವರು ವಸ್ತುವನ್ನು ಅರಸುವುದಕ್ಕೆ ಮೊದಲು ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬುದನ್ನು ಗಮನಿಸಬೇಕು. ಹುಬ್ಬಳ್ಳಿ-ಧಾರವಾಡದ ಯಾವುದೇ ಮನೆಯಲ್ಲಿ ಸಿಗುವ ಹಳೆಯ ಕೌದಿಯಿಂದಲೇ ಆರಂಭಿಸಬಹುದು.

ಕೋಣೆಯ ದೀಪವನ್ನೂ ಮೊಬೈಲಿನ ಫ್ಲ್ಯಾಶನ್ನೂ ಆರಿಸಿ, ಒಂದೇ ಕಿಟಕಿಯನ್ನು ತೆರೆದು, ಬೆಳಕು ಬಟ್ಟೆಯ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಕೌದಿಯನ್ನು ಪಕ್ಕದಲ್ಲಿ ಹಾಸಿರಿ. ಸಾಲುಸಾಲಾದ ಹೊಲಿಗೆ ಬಟ್ಟೆಯನ್ನು ಹಿಡಿದೆಳೆದ ಕಡೆಯಲ್ಲೆಲ್ಲ ಸಣ್ಣ ಉಬ್ಬು ತಗ್ಗುಗಳಿರುತ್ತವೆ. ನೇರ ಬೆಳಕಿನಲ್ಲಿ ಅಳಿಸಿಹೋಗುವ ಅವು ಈ ಅಡ್ಡಬೆಳಕಿನಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ. ನೆರಳು ತೀರಾ ಕಪ್ಪಾದರೆ ಕಿಟಕಿಯ ಎದುರು ಬದಿಯಲ್ಲಿ ಬಿಳಿ ಹಾಳೆಯೊಂದನ್ನು ಹಿಡಿದರೆ ಸಾಕು. ಮೊಬೈಲನ್ನು ಅತಿ ಸಮೀಪ ಒಯ್ದರೆ ಫೋಕಸ್ ತಪ್ಪುತ್ತದೆ. ಆದ್ದರಿಂದ ಸ್ವಲ್ಪ ಹಿಂದೆ ಸರಿದು, ಪರದೆಯ ಮೇಲೆ ಬೆರಳೊತ್ತಿ ಫೋಕಸನ್ನು ಸ್ಥಿರಗೊಳಿಸಿ, ಬೇಡವಾದ ಅಂಚನ್ನು ನಂತರ ಕತ್ತರಿಸಿಕೊಳ್ಳುವುದು ಒಳ್ಳೆಯದು.

ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿ ಇನ್ನೊಂದು ಪಾಠ ಕಲಿಸುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ಹಾವೇರಿ ಜಿಲ್ಲೆಯ ಪಟ್ಟಣದ ಹೆಸರು ಹೊತ್ತ ಈ ಕಾಯಿಯ ಸೊಗಸು ಅದರ ಗಾಢ ಕೆಂಪಿನಷ್ಟೇ ಅದರ ಸುಕ್ಕುಗಳಲ್ಲಿಯೂ ಇದೆ. ಆದರೆ ಸುಡುಬಿಸಿಲಿನಲ್ಲಿ ತೆಗೆದರೆ ಕೆಂಪು ಬಣ್ಣ ಮಿತಿಮೀರಿ, ಸುಕ್ಕುಗಳೆಲ್ಲ ಒಂದೇ ಪಟ್ಟಿಯಾಗಿ ಕಲಸಿಹೋಗುತ್ತವೆ. ನೆರಳಿನಲ್ಲಿಟ್ಟು ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸೇರುವ ಬೆಳಕಿನ ಪ್ರಮಾಣವನ್ನು, ತುಸು ತಗ್ಗಿಸಿದರೆ ಗೆರೆಗಳು ಮರಳಿ ಬರುತ್ತವೆ. ಮೆಣಸಿನಕಾಯಿಯ ರಾಶಿಯನ್ನು ಎಲ್ಲರೂ ತೆಗೆಯುತ್ತಾರೆ. ನೀವು ಒಂದೇ ಕಾಯಿಯನ್ನು ಕಿಟಕಿಗೆ ಅಡ್ಡ ಹಿಡಿದು, ಸಿಪ್ಪೆಯ ಒಳಗಿನ ಬೀಜಗಳ ನೆರಳನ್ನು ಹುಡುಕಿ ನೋಡಿರಿ.

ಹೊರಗೆ ಹೊರಟರೆ ಬೇಸಿಗೆಯ ಎರೆಭೂಮಿಗಿಂತ ಸಮೃದ್ಧವಾದ ವಿಷಯ ನಮ್ಮ ಭಾಗದಲ್ಲಿಲ್ಲ ಎಂದೇ ನನ್ನ ನಂಬಿಕೆ. ನೀರಾರಿದಂತೆ ಕುಗ್ಗುವ, ಮಳೆ ಬಿದ್ದಂತೆ ಹಿಗ್ಗುವ ಈ ಮಣ್ಣಿನಲ್ಲಿ ಬಿರುಕುಗಳ ವಿನ್ಯಾಸ ವರ್ಷ ವರ್ಷಕ್ಕೂ ಬದಲಾಗುತ್ತದೆ. ಸೂರ್ಯೋದಯದ ಬೆನ್ನಲ್ಲೇ ಹೊಲಕ್ಕೆ ಹೋದರೆ ಪ್ರತಿ ಬಿರುಕಿನ ಒಂದು ಅಂಚು ಬೆಳಗಿ, ಇನ್ನೊಂದು ಕತ್ತಲಲ್ಲಿರುತ್ತದೆ. ಕ್ಯಾಮೆರಾ ಕಪ್ಪು ಮಣ್ಣನ್ನು ಬೂದು ಬಣ್ಣಕ್ಕೆ ತರಲು ಯತ್ನಿಸುವುದರಿಂದ ಇಲ್ಲಿಯೂ ಎಕ್ಸ್‌ಪೋಷರನ್ನು ಕಡಿಮೆ ಮಾಡಲೇಬೇಕು. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಮೋಡದ ಮೆದು ಬೆಳಕು ಎಲೆ ಮತ್ತು ಪಾಚಿಗಳ ಬಣ್ಣಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದಲ್ಲಿ ಇಡೀ ಗುಡಿಯನ್ನು ಚೌಕಟ್ಟಿಗೆ ತುಂಬುವ ಬದಲು ಅಂಗೈಯಗಲದ ಕೆತ್ತನೆಯೊಂದನ್ನು ಆರಿಸಿಕೊಳ್ಳಿರಿ. ಗೆರೆ ಎದ್ದು ಕಾಣಲೆಂದು ಅದರ ಮೇಲೆ ನೀರನ್ನಾಗಲಿ ಪುಡಿಯನ್ನಾಗಲಿ ಖಂಡಿತ ಹಾಕಬಾರದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು: ಮೊಬೈಲಿಗೆ ನಿಲುಕುವಷ್ಟು ಹತ್ತಿರ ಹೋದರೆ ಹಿಂಡು ಬೆದರಿ ಏಳುತ್ತದೆ. ದೂರದಲ್ಲೇ ನಿಂತು ಆಕಾಶದಲ್ಲಿನ ಸಾಲನ್ನೋ, ದಡದ ಕೆಸರಿನಲ್ಲಿ ಉಳಿದ ಹೆಜ್ಜೆಗುರುತನ್ನೋ ತೆಗೆಯಿರಿ.

ಮನೆಗೆ ಬಂದ ಮೇಲೆ ಒಂದೇ ವಸ್ತುವಿನ ಬೆಳಗಿನ, ಮಧ್ಯಾಹ್ನದ ಮತ್ತು ಸಂಜೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಮೆಚ್ಚುಗೆಯಾದುದರ ಹೊತ್ತನ್ನೂ ಬೆಳಕಿನ ದಿಕ್ಕನ್ನೂ ಬರೆದಿಟ್ಟುಕೊಳ್ಳಿರಿ. ಮರುದಿನ ಯಾವ ಕಿಟಕಿಯ ಬಳಿ, ಎಷ್ಟು ಹೊತ್ತಿಗೆ ನಿಲ್ಲಬೇಕೆಂಬುದನ್ನು ಆ ಟಿಪ್ಪಣಿಯೇ ತಿಳಿಸುತ್ತದೆ.