ಬಯೋಮೆಡಿಕಲ್ ಪೇಪರ್ ಹುಡುಕುವುದು ಹೇಗೆ?

ಬದಿಯಡ್ಕದ ಪೇಟೆಯಲ್ಲಿ ಕನ್ನಡದವರ ಹಲಸು ತುಳುವರಿಗೆ ಪೆಲಕಾಯಿ, ಮಲಯಾಳಿಗಳಿಗೆ ಚಕ್ಕ. ಬಯೋಮೆಡಿಕಲ್ ಎಂಜಿನಿಯರಿಂಗ್‌ನ ಪೇಪರ್‌ಗಳದ್ದೂ, ಅಂದರೆ ಸಂಶೋಧನಾ ಲೇಖನಗಳದ್ದೂ, ಇದೇ ಕತೆ. ವೈದ್ಯರು ‘ತ್ರೀಡಿ ಪ್ರಿಂಟಿಂಗ್’ ಎಂದು ಬರೆದದ್ದನ್ನು ಎಂಜಿನಿಯರ್‌ಗಳು ‘ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್’ ಎಂದಿರುತ್ತಾರೆ. ಪೆರಿಯ, ಮಂಗಳೂರು, ಸುರತ್ಕಲ್‌ಗಳಲ್ಲಿ ಓದುವ ಗಡಿನಾಡಿನ ವಿದ್ಯಾರ್ಥಿಗಳಿಗೆ ‘ಈ ವಿಷಯದಲ್ಲಿ ಪೇಪರೇ ಇಲ್ಲ’ ಅನ್ನಿಸಿದರೆ, ಬಹಳಷ್ಟು ಸಲ ಕೊರತೆ ಇರುವುದು ಪೇಪರಿನದ್ದಲ್ಲ, ಪದದ್ದು.

ಪ್ರಶ್ನೆ ಮೊದಲು, ಕಂಪ್ಯೂಟರ್ ಆಮೇಲೆ

ಪ್ರಶ್ನೆಯನ್ನು ಕನ್ನಡದಲ್ಲೇ ಒಂದು ವಾಕ್ಯವಾಗಿ ಬರೆಯಿರಿ. ಉದಾಹರಣೆಗೆ: ‘ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ, ಪ್ಲಾಸ್ಟರ್ ಅಚ್ಚು ತೆಗೆದು ಪಾಲಿಪ್ರೊಪಿಲೀನ್ ಹಾಳೆಯಲ್ಲಿ ಮಾಡಿದ ಎಎಫ್ಒಗಿಂತ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಎಎಫ್ಒ ನಡಿಗೆಗೆ ಒಳ್ಳೆಯದೇ?’ ಸೆರೆಬ್ರಲ್ ಪಾಲ್ಸಿ ಎಂದರೆ ಮಿದುಳಿಗೆ ಆದ ಹಾನಿಯಿಂದ ಚಲನೆಗೆ ಬರುವ ತೊಂದರೆ. ಎಎಫ್ಒ ಎಂದರೆ ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಕಟ್ಟಿ, ಪಾದದ ಕೀಲನ್ನು ಹಿಡಿದಿಡುವ ಪಟ್ಟಿ.

ಈಗ ಕಾಗದದ ಮೇಲೆ ಮೂರು ಚೌಕ ಎಳೆಯಿರಿ. ಒಂದರಲ್ಲಿ ರೋಗಿ: ಸೆರೆಬ್ರಲ್ ಪಾಲ್ಸಿ, ಅದರದೇ ಒಂದು ಬಗೆಯಾದ ಸ್ಪಾಸ್ಟಿಕ್ ಡೈಪ್ಲೀಜಿಯ. ಎರಡನೆಯದರಲ್ಲಿ ಸಾಧನ: ಆ್ಯಂಕಲ್ ಫುಟ್ ಆರ್ಥೋಸಿಸ್, ಎಎಫ್ಒ, ಬ್ರೇಸ್, ಸ್ಪ್ಲಿಂಟ್. ಮೂರನೆಯದರಲ್ಲಿ ತಯಾರಿಕೆ: ತ್ರೀಡಿ ಪ್ರಿಂಟಿಂಗ್, ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್, ರ‍್ಯಾಪಿಡ್ ಪ್ರೊಟೊಟೈಪಿಂಗ್, ಸೆಲೆಕ್ಟಿವ್ ಲೇಸರ್ ಸಿಂಟರಿಂಗ್. ‘ನಡಿಗೆಯ ವೇಗ’ದಂಥ ಫಲಿತಾಂಶದ ಪದಗಳನ್ನು ಸದ್ಯಕ್ಕೆ ಸೇರಿಸಬೇಡಿ. ಎಷ್ಟೋ ಸಾರಾಂಶಗಳಲ್ಲಿ ಅವು ಇರುವುದೇ ಇಲ್ಲ. ಸೇರಿಸಿದರೆ ಒಳ್ಳೆಯ ಪೇಪರ್ ಕೈತಪ್ಪುತ್ತದೆ.

ಪಬ್‌ಮೆಡ್‌ನಲ್ಲಿ

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ, ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ಎಲ್ಲರಿಗೂ ಉಚಿತ. ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಒಂದು ಚೌಕದೊಳಗಿನ ಪದಗಳ ನಡುವೆ ‘ಆರ್’ (ಅಥವಾ), ಚೌಕ ಚೌಕಗಳ ನಡುವೆ ‘ಆ್ಯಂಡ್’ (ಮತ್ತು); ಎರಡೂ ದೊಡ್ಡ ಅಕ್ಷರದಲ್ಲಿರಲಿ. ಪ್ರತಿ ಚೌಕಕ್ಕೂ ಆವರಣ ಚಿಹ್ನೆ ಬೇಕೇ ಬೇಕು. ಪಬ್‌ಮೆಡ್ ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತದೆ. ಆವರಣ ಬಿಟ್ಟರೆ ಕೊನೆಯ ‘ಆರ್’ ಒಂದೇ ಸಾವಿರಾರು ಸಂಬಂಧವಿಲ್ಲದ ಪೇಪರ್‌ಗಳನ್ನು ಎಳೆದು ತರುತ್ತದೆ.

ಪದದ ಬಾಲ ಕತ್ತರಿಸಿ ನಕ್ಷತ್ರ ಚಿಹ್ನೆ ಹಾಕುವ ಅಭ್ಯಾಸ ಹಲವರಿಗಿದೆ. ‘ಆರ್ಥೋಸ್’ ಎಂದು ಬರೆದು ನಕ್ಷತ್ರ ಹಾಕಿದರೆ ಆರ್ಥೋಸಿಸ್, ಆರ್ಥೋಸೀಸ್ ಎರಡೂ ಸಿಗುತ್ತವೆ ನಿಜ. ಆದರೆ ‘ಆರ್ಥೋಸ್ಟ್ಯಾಟಿಕ್’ ಕೂಡ ಬರುತ್ತದೆ: ಎದ್ದು ನಿಂತಾಗ ರಕ್ತದೊತ್ತಡ ಇಳಿಯುವ ತೊಂದರೆ! ಅದಕ್ಕಿಂತ ಆರ್ಥೋಸಿಸ್, ಆರ್ಥೋಸೀಸ್, ಆರ್ಥೋಟಿಕ್ ಮೂರನ್ನೂ ಪೂರ್ತಿ ಬರೆಯುವುದು ಮೇಲು. ‘ಪೀಡಿಯಾಟ್ರಿಕ್’ಗೆ ಬ್ರಿಟಿಷ್, ಅಮೆರಿಕನ್ ಕಾಗುಣಿತ ಎರಡನ್ನೂ ಕೊಡಿ.

ಪಬ್‌ಮೆಡ್‌ಗೆ ‘ಮೆಶ್’ ಎಂಬ ಶೀರ್ಷಿಕೆಗಳ ಪಟ್ಟಿಯಿದೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಪೇಪರ್‌ಗಳಿಗೆ ಅಲ್ಲಿ ಒಂದೇ ಹೆಸರು. ನಮ್ಮ ಉದಾಹರಣೆಗೆ ‘ಫುಟ್ ಆರ್ಥೋಸೀಸ್’, ‘ಪ್ರಿಂಟಿಂಗ್, ತ್ರೀ-ಡೈಮೆನ್ಷನಲ್’ ಎಂಬ ಶೀರ್ಷಿಕೆಗಳಿವೆ. ಮೆಶ್ ಒಂದನ್ನೇ ನಂಬಬೇಡಿ. ಈಗಷ್ಟೇ ಬಂದ ಕೆಲವು ಪೇಪರ್‌ಗಳಿಗೆ ಅದು ಇನ್ನೂ ಅಂಟಿರದೆ ಇರಬಹುದು. ಮೆಶ್ ಮತ್ತು ಸಾದಾ ಪದ ಎರಡನ್ನೂ ‘ಆರ್’ನಿಂದ ಜೋಡಿಸಿ. ಆಮೇಲೆ ‘ಅಡ್ವಾನ್ಸ್ಡ್’ ಪುಟಕ್ಕೆ ಹೋಗಿ ‘ಡೀಟೇಲ್ಸ್’ ತೆರೆಯಿರಿ: ನೀವು ಕೇಳಿದ್ದನ್ನು ಯಂತ್ರ ಹೇಗೆ ಅರ್ಥ ಮಾಡಿಕೊಂಡಿತು ಎಂಬುದು ಅಲ್ಲಿ ಕಾಣುತ್ತದೆ. ಹೆಚ್ಚಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಫಲಿತಾಂಶ ಜಾಸ್ತಿಯಾಯಿತೆಂದು ‘ನಾಟ್’ ಹಾಕಿ ವಯಸ್ಕರನ್ನು ತೆಗೆದುಹಾಕಲು ಹೋಗಬೇಡಿ. ಮಕ್ಕಳು, ವಯಸ್ಕರು ಇಬ್ಬರ ಮೇಲೂ ನಡೆದ ಅಧ್ಯಯನಗಳೂ ಜೊತೆಗೇ ಹೋಗುತ್ತವೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಂದು ತಪ್ಪು ಸಹಜ. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಕಡೆ ಗೇರು ತೋಟಗಳಿಗೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರು. ಅಲ್ಲಿನ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂದು ಹೊರಡುವವರು ‘ಎಂಡೋಸಲ್ಫಾನ್’, ‘ಕಾಸರಗೋಡು’ ಎರಡನ್ನೂ ಕಾಲುಪಟ್ಟಿಯ ಹುಡುಕಾಟಕ್ಕೆ ‘ಆ್ಯಂಡ್’ ಹಾಕಿ ಸೇರಿಸುತ್ತಾರೆ. ಫಲಿತಾಂಶ ಸೊನ್ನೆಗಿಳಿಯುತ್ತದೆ. ಆ ಪದಗಳಿರುವುದು ವಿಷವಿಜ್ಞಾನದ ಪೇಪರ್‌ಗಳಲ್ಲಿ, ಕಾಲುಪಟ್ಟಿಯ ಪೇಪರ್‌ಗಳಲ್ಲಲ್ಲ. ಈ ಎರಡು ಬಗೆಯ ಪೇಪರ್‌ಗಳನ್ನು ಬೇರೆ ಬೇರೆಯಾಗಿ ಹುಡುಕಿ, ಓದುವಾಗ ಜೋಡಿಸಿ.

ಎಂಜಿನಿಯರ್‌ಗಳ ಮನೆಗೂ ಹೋಗಿ

ಪಬ್‌ಮೆಡ್‌ನಲ್ಲೇ ನಿಂತರೆ ಅರ್ಧ ಕೆಲಸ. ಎಂಜಿನಿಯರ್‌ಗಳ ಸಂಘ ಐಇಇಇಯ ಜಾಲತಾಣ ಐಇಇಇ ಎಕ್ಸ್‌ಪ್ಲೋರ್‌ನಲ್ಲಿ ಸಮ್ಮೇಳನದ ಪೇಪರ್‌ಗಳು ಹೇರಳ, ಸಾರಾಂಶ ಉಚಿತ. ಇಲ್ಲಿ ರೋಗದ ಚೌಕವನ್ನೇ ಬಿಟ್ಟು ಹುಡುಕಿ ನೋಡಿ. ಪಟ್ಟಿ ಎಷ್ಟು ಬಗ್ಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಅಳೆದವರು ಸೆರೆಬ್ರಲ್ ಪಾಲ್ಸಿಯ ಹೆಸರೆತ್ತಿರಲೇಬೇಕೆಂದಿಲ್ಲ. ಬದಲಿಗೆ ‘ಸ್ಟಿಫ್‌ನೆಸ್’ (ಬಿಗಿತ), ‘ಫೈನೈಟ್ ಎಲಿಮೆಂಟ್’ (ಕಂಪ್ಯೂಟರಿನಲ್ಲಿ ಬಲ, ಬಾಗುವಿಕೆಯ ಲೆಕ್ಕ ಹಾಕುವ ವಿಧಾನ) ಸೇರಿಸಿ.

ಗೂಗಲ್ ಸ್ಕಾಲರ್ ಒಂದು ಹುಡುಕಾಟಕ್ಕೆ 1000ಕ್ಕಿಂತ ಹೆಚ್ಚು ಫಲಿತಾಂಶ ತೋರಿಸುವುದಿಲ್ಲ, ಅದರ ಕ್ರಮವೂ ನಮ್ಮ ಹಿಡಿತದಲ್ಲಿಲ್ಲ. ಅದರ ನಿಜವಾದ ಉಪಯೋಗ ‘ಸೈಟೆಡ್ ಬೈ’ ಕೊಂಡಿಯಲ್ಲಿದೆ. ಒಂದು ಒಳ್ಳೆಯ ಪೇಪರ್ ಸಿಕ್ಕರೆ, ಅದರ ಕೊನೆಯ ಉಲ್ಲೇಖಪಟ್ಟಿಯಿಂದ ಹಿಂದಕ್ಕೆ, ಈ ಕೊಂಡಿಯಿಂದ ಮುಂದಕ್ಕೆ ಹೋಗಿ. ಹೊಸ ಪೇಪರ್ ಬರುವುದು ನಿಂತಾಗ ಹುಡುಕಾಟ ನಿಲ್ಲಿಸಬಹುದು.

ಭಾರತದಲ್ಲಿ ರೋಗಿಗಳ ಮೇಲೆ ನಡೆಯುತ್ತಿರುವ ಪ್ರಯೋಗಗಳಿಗೆ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ) ನೋಂದಣಿ, ಸಾಧನಗಳ ವಿನ್ಯಾಸಕ್ಕೆ ಗೂಗಲ್ ಪೇಟೆಂಟ್ಸ್ ನೋಡಿ.

ಪೂರ್ಣಪಾಠ, ದಾಖಲೆ

ಪೂರ್ಣಪಾಠ ಉಚಿತವಾಗಿ ಸಿಗುವ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಇಲ್ಲವಾದರೆ ಬ್ರೌಸರಿಗೆ ‘ಅನ್‌ಪೇವಾಲ್’ ಸೇರಿಸಿ. ಕಾನೂನುಬದ್ಧ ಉಚಿತ ಪ್ರತಿ ಇದ್ದರೆ ಹೆಚ್ಚಾಗಿ ತೋರಿಸುತ್ತದೆ. ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಇದೆ. ಮನೆಯಿಂದ ಲಾಗಿನ್ ಆಗುವ ಬಗೆಯನ್ನು ನಿಮ್ಮ ಗ್ರಂಥಪಾಲಕರಲ್ಲಿ ಕೇಳಿ. ಅದೂ ಆಗದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ.

ಸಿಕ್ಕಿದ್ದೆಲ್ಲವನ್ನೂ ಉಚಿತ ತಂತ್ರಾಂಶ ಜೊಟೆರೊಗೆ ತುಂಬಿ ನಕಲುಗಳನ್ನು ಒಂದುಗೂಡಿಸಿ. ಹಿಂತೆಗೆದುಕೊಂಡ ಪೇಪರ್ ಇದ್ದರೆ ಅದೇ ಎಚ್ಚರಿಸುತ್ತದೆ. ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವಾದರೆ ಪೇಪರಿನ ಗುರುತಾದ ಡಿಒಐ ಸಂಖ್ಯೆ ಹಾಕಿ ನೋಡದೆ ಸೇರಿಸಲೇಬೇಡಿ. ಇಲ್ಲದ ಪೇಪರನ್ನು ಇದೆಯೆಂದು ಅವು ಹೇಳುವುದುಂಟು. ಹುಡುಕಿದ ದಿನ, ಜಾಗ, ಟೈಪ್ ಮಾಡಿದ ಪೂರ್ತಿ ಸಾಲು, ಸಿಕ್ಕ ಸಂಖ್ಯೆ ಇವನ್ನು ಆಗಲೇ ಬರೆದಿಡಿ.

ಓದುವಾಗ ಎಕ್ಸೆಲ್‌ನಲ್ಲಿ ಮಕ್ಕಳ ಸಂಖ್ಯೆ, ವಯಸ್ಸು, ಪ್ಲಾಸ್ಟಿಕ್ಕಿನ ಬಗೆ ಮತ್ತು ದಪ್ಪದ ಜೊತೆ ಇನ್ನೆರಡು ಕಾಲಂ ಇರಲಿ: ಎಷ್ಟು ದಿನ ಧರಿಸಿದರು, ಎಲ್ಲಿ ನಡೆದರು. ಪ್ರಯೋಗಾಲಯದ ಸಮತಟ್ಟು ನೆಲದ ಮೇಲೆ ಒಂದು ಗಂಟೆ ನಡೆದ ಪಟ್ಟಿಗೂ, ಜುಲೈ ಮಳೆಯಲ್ಲಿ ಮುರಕಲ್ಲಿನ ದಾರಿ ಹತ್ತಿ ಶಾಲೆಗೆ ಹೋಗಬೇಕಾದ ಮಗುವಿನ ಪಟ್ಟಿಗೂ ವ್ಯತ್ಯಾಸ ಆ ಎರಡು ಕಾಲಂಗಳಲ್ಲಿ ಕಾಣುತ್ತದೆ.