ಸಂತೆ ದಿನದ ಮಾತ್ರೆ

ಮಕ್ಕಳ ರಕ್ತ ಕ್ಯಾನ್ಸರ್ ಡಾಕ್ಟರ್ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಕೀಮೋ ಬಗ್ಗೆ, ಕೂದಲು ಉದುರುವುದರ ಬಗ್ಗೆ. ನನ್ನ ನಿದ್ದೆ ಜಾಸ್ತಿ ಕೆಡಿಸಿದ್ದು ಮಾತ್ರ ಎರಡು ಹಳದಿ ಮಾತ್ರೆಗಳು.

ಎಎಲ್‌ಎಲ್ ಅಂದರೆ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್. ಕಾಯಿಲೆ ಪತ್ತೆಯಾದಾಗ ಮಗುವಿನ ಮೈಯಲ್ಲಿ ಸುಮಾರು ಲಕ್ಷ ಕೋಟಿ ಕೆಟ್ಟ ಕಣಗಳಿರುತ್ತವೆ. ಮೊದಲ ತಿಂಗಳ ಔಷಧಿಗೇ ಮೈಕ್ರೋಸ್ಕೋಪಿನಲ್ಲಿ ಅವು ಕಾಣಿಸದಷ್ಟು ಕಮ್ಮಿಯಾಗುತ್ತವೆ. ಆಗಲೂ ಕೋಟಿಗಟ್ಟಲೆ ಉಳಿದಿರಬಹುದು. ಆಮೇಲೆ ಕೆಲವು ತಿಂಗಳು ಜೋರು ಕೀಮೋ, ಬೆನ್ನಿಗೆ ಇಂಜೆಕ್ಷನ್. ಕೊನೆಗೆ ಸುಮಾರು ಎರಡು ವರ್ಷ ಮನೆಯಲ್ಲೇ ಮಾತ್ರೆ. ಇದನ್ನು ಮೇಂಟೆನೆನ್ಸ್ ಅಂತೀವಿ. ದಿನಾ ರಾತ್ರಿ 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್), ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಎರಡೂ ಕೆಟ್ಟ ಕಣ ಬೆಳೆಯದಂತೆ ತಡೆಯುವ ಮಾತ್ರೆಗಳು.

1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು, 10 ಮಕ್ಕಳು ಚೇತರಿಸಿಕೊಂಡರು ಎಂದು ಬರೆದರು. ಆ ಔಷಧ ತಯಾರಾದದ್ದು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. (ಈ ಹೆಸರನ್ನು ನಾನು ಮೆಡಿಕಲ್ ಕಾಲೇಜು ಮುಗಿಸುವ ತನಕ ಕೇಳಿರಲೇ ಇಲ್ಲ!) ಆದರೆ ಆ ಮಕ್ಕಳ ಚೇತರಿಕೆ ಕೆಲವೇ ತಿಂಗಳಿನದು, ಕಾಯಿಲೆ ವಾಪಸ್ ಬಂತು. ಹಾಗೆ ವಾಪಸ್ ಬರದಂತೆ ತಡೆಯೋಕೆ ವರ್ಷಗಟ್ಟಲೆ ಮಾತ್ರೆ ಬೇಕು ಅಂತ ಗೊತ್ತಾಗಲು ಇನ್ನೆಷ್ಟೋ ವರ್ಷ ಹಿಡಿಯಿತು. ಮೆಥೋಟ್ರೆಕ್ಸೇಟ್ ಅದೇ ಅಮಿನಾಪ್ಟೆರಿನ್ನಿನ ತಮ್ಮ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕೊಪ್ಪಳದ ಕಡೆಯ ಐದು ವರ್ಷದ ಹುಡುಗ. ತೂಕ ಹದಿನಾರು ಕೆಜಿ. ಲೆಕ್ಕ ಹಾಕಿದರೆ 6-ಎಂಪಿ ದಿನಕ್ಕೆ ಸುಮಾರು 40 ಮಿಲಿಗ್ರಾಂ ಬೇಕು, ಮಾತ್ರೆ ಇರುವುದು 50ರದ್ದು. ಹಾಗಾಗಿ ವಾರದಲ್ಲಿ ನಾಲ್ಕು ದಿನ ಒಂದು, ಮೂರು ದಿನ ಅರ್ಧ. ಮೆಥೋಟ್ರೆಕ್ಸೇಟ್ ಎರಡೂವರೆ ಮಿಲಿಗ್ರಾಂದು ಐದು, ವಾರಕ್ಕೆ ಒಂದೇ ಸಲ. ನಮ್ಮಲ್ಲಿ ಆಗ ಸಿಗುತ್ತಿದ್ದ ಮಾತ್ರೆ ಎರಡೂ ಹಳದಿ. ನಾನು ಇಂಗ್ಲಿಷಿನಲ್ಲಿ ‘ಒನ್ಸ್ ವೀಕ್ಲಿ’ ಅಂತ ಗೀಚಿ ಕೊಟ್ಟೆ, ಬಾಯಲ್ಲೂ ಹೇಳಿದೆ. ಓಪಿಡಿಯಲ್ಲಿ ಅವತ್ತು ಜನ ಜಾಸ್ತಿ. ಅವರಮ್ಮ ತಲೆ ಆಡಿಸಿದರು. ಆಡಿಸಿದ್ದು ನೋಡಿ ನಾನೂ ಸುಮ್ಮನಾದೆ.

ಹತ್ತು ದಿನಕ್ಕೆ ವಾಪಸ್ ಬಂದರು. ಹುಡುಗನ ಬಾಯಿ ತುಂಬ ಹುಣ್ಣು. ಮೊಸರನ್ನ ಬಾಯಿಗಿಟ್ಟರೆ ಕಿರುಚುತ್ತಾನೆ. ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಪಾತಾಳಕ್ಕೆ ಇಳಿದಿತ್ತು. ಸಣ್ಣ ಮೆಥೋಟ್ರೆಕ್ಸೇಟ್ ಮಾತ್ರೆಗಳನ್ನು ಆ ತಾಯಿ ಐದು ದಿನ, ದಿನಾ ಐದೈದು ಕೊಟ್ಟಿದ್ದರು. ‘ನೀವ ಹೇಳಿದ್ರಲ್ರೀ ಮೇಡಮ್ಮರ, ತಪ್ಪಿಸಬ್ಯಾಡ ಅಂತ’ ಅಂದರು. ಹೌದು, ಹೇಳಿದ್ದೆ. ಮೆಥೋಟ್ರೆಕ್ಸೇಟಿನ ವಿಷ ಇಳಿಸುವ ಫೋಲಿನಿಕ್ ಆಸಿಡ್, ಆ್ಯಂಟಿಬಯೋಟಿಕ್, ಎರಡು ವಾರ ವಾರ್ಡು. ಹುಡುಗ ಉಳಿದ. ಅಲ್ಲಿಯವರೆಗೆ ಆ ತಾಯಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಡಿಸ್ಚಾರ್ಜ್ ದಿನ ಸುಮ್ನೆ ಕೇಳಿದೆ: ‘ನಿಮ್ಮೂರ ಸಂತೆ ಯಾವತ್ತು?’ ‘ಮಂಗಳವಾರರೀ’ ಅಂದರು, ಯೋಚನೆಯನ್ನೇ ಮಾಡದೆ. ಅಷ್ಟೇ. ಮೆಥೋಟ್ರೆಕ್ಸೇಟ್ ಸಂತೆ ದಿನದ ಮಾತ್ರೆ ಆಯಿತು. ಐದೈದು ಎಣಿಸಿ ಸಣ್ಣ ಕವರ್‌ಗೆ ಹಾಕಿ, ಕೆಂಪು ದಾರ ಕಟ್ಟಿ, ತಿಂಗಳಿಗೆ ಎಷ್ಟು ಸಂತೆಯೋ ಅಷ್ಟೇ ಕವರ್ ಕೊಡತೊಡಗಿದೆ. 6-ಎಂಪಿಗೆ ಗೋಡೆ ಕ್ಯಾಲೆಂಡರ್: ಇಡೀ ಮಾತ್ರೆಯ ದಿನ ಹುಣ್ಣಿಮೆ ಚಂದ್ರ, ಅರ್ಧದ ದಿನ ಅರ್ಧ ಚಂದ್ರ. ಕೊಟ್ಟ ಮೇಲೆ ಮಗುವೇ ಅದರ ಮೇಲೆ ಗೀಟು ಹಾಕಬೇಕು. ಆಮೇಲೆ ಎಲ್ಲ ಮನೆಗಳಿಗೂ ಇದೇ ಕ್ರಮ.

ಇಷ್ಟು ರಗಳೆ ಬೇಕಾ ಅಂದರೆ, ಬೇಕು. ಅಮೆರಿಕದಲ್ಲಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೇ ಚಿಪ್ ಹಾಕಿ, ದಿನಾ ತೆಗೀತಾರಾ ಇಲ್ವಾ ಅಂತ ನೋಡಿದ್ದಾರೆ. ನೂರು ಡೋಸಿನಲ್ಲಿ 95ಕ್ಕಿಂತ ಕಮ್ಮಿ ತಗೊಂಡ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಎರಡು ಪಟ್ಟಿಗೂ ಜಾಸ್ತಿ. ಅಂದರೆ ತಿಂಗಳಿಗೆ ಎರಡು ರಾತ್ರಿ ಮರೆತರೆ ಸಾಕು.

ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ ಅರ್ಥ ಮಾಡಿಸುವುದು ಕಷ್ಟ. ಕೌಂಟ್ ತುಂಬಾ ಚೆನ್ನಾಗಿದ್ದರೆ ನನಗೆ ಅನುಮಾನ. ಮಾತ್ರೆ ಸರಿಯಾಗಿ ಒಳಗೆ ಹೋದರೆ ಕೌಂಟ್ ಸ್ವಲ್ಪ ಇಳಿಯಬೇಕು. ನ್ಯೂಟ್ರೊಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 750ರಿಂದ 1500ರ ಒಳಗೆ ಇರಲಿ ಅನ್ನುವುದು ನಮ್ಮ ಗುರಿ. ನಾಲ್ಕು ಸಾವಿರ ಬಂದರೆ ಅವರು ಖುಷಿಪಡುತ್ತಾರೆ, ನಾನು ಮಾತ್ರೆ ಎಣಿಸುತ್ತೇನೆ. ಒಮ್ಮೆ ಒಬ್ಬ ಹುಡುಗಿಯ ಮಾತ್ರೆಗಳೆಲ್ಲ ದಿಂಬಿನ ಕವರ್ ಒಳಗೆ ಸಿಕ್ಕವು.

ಉಲ್ಟಾ ಕೂಡ ಆಗುತ್ತದೆ. ಒಂದು ಮಗುವಿಗೆ ಅರ್ಧ ಡೋಸಿಗೇ ಕೌಂಟ್ ಕುಸಿಯುತ್ತಿತ್ತು. ಆ ಅಪ್ಪ ಜಾಸ್ತಿ ಕೊಡ್ತಿದ್ದಾರೆ ಅಂತ ನಾನೇ ಸುಮ್ಮಸುಮ್ಮನೆ ಗದರಿದೆ. ಟೆಸ್ಟ್ ಮಾಡಿಸಿದಾಗ ಗೊತ್ತಾಯಿತು, ಮಗುವಿನ ಎನ್‌ಯುಡಿಟಿ15 ಜೀನ್‌ನಲ್ಲೇ ವ್ಯತ್ಯಾಸ, 6-ಎಂಪಿ ಆ ಮೈಗೆ ತಡೆಯುವುದಿಲ್ಲ. ಏಷ್ಯಾದವರಲ್ಲಿ, ನಮ್ಮವರಲ್ಲೂ, ಇದು ಅಪರೂಪವೇನಲ್ಲ. 2015ರ ಸುಮಾರಿಗಷ್ಟೇ ಎಎಲ್‌ಎಲ್ ಮಕ್ಕಳಲ್ಲಿ ಇದರ ಸುಳಿವು ಸಿಕ್ಕಿದ್ದು. ಡೋಸ್ ಇಳಿಸಿದ ಮೇಲೆ ಮಗು ಸರಿಹೋಯಿತು. ಆ ಅಪ್ಪನ ಹತ್ತಿರ ಕ್ಷಮೆ ಕೇಳಿದೆ.

ಮಳೆಗಾಲದ ಶುರುವಿನಲ್ಲಿ ಬರದವರ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿ ಯಾವಾಗಲೂ ಉದ್ದ. ಬಿತ್ತನೆ ಬಿಟ್ಟು ಬೆಂಗಳೂರಿಗೆ ಬಾ ಅಂದರೆ ಯಾರು ಬರುತ್ತಾರೆ? ಈಗ ಮೇ ಕೊನೆಗೇ ಆರು ವಾರದ ಮಾತ್ರೆ ಕೊಟ್ಟು ಕಳಿಸುತ್ತೇವೆ. ರಕ್ತಪರೀಕ್ಷೆ ತಾಲೂಕಿನಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡುತ್ತಾರೆ, ಡೋಸ್ ಫೋನಿನಲ್ಲಿ ಹೇಳುತ್ತೇವೆ.

ಹೊಸದಾಗಿ ಸೇರುವ ರೆಸಿಡೆಂಟ್‌ಗಳಿಗೆ ಮೊದಲ ದಿನವೇ ಸಂತೆ ಪಾಠ. ಕಳೆದ ತಿಂಗಳು ಒಬ್ಬ ಹುಡುಗ ಬಲು ಶ್ರದ್ಧೆಯಿಂದ ಒಬ್ಬರು ತಾಯಿಯನ್ನು ಕೇಳಿದ, ‘ನಿಮ್ಮೂರ ಸಂತೆ ಯಾವತ್ತಮ್ಮಾ?’ ಆಕೆ ಜಯನಗರದವರು. ಪೆಚ್ಚಾಗಿ ನನ್ನ ಮುಖ ನೋಡಿದರು. ಆಮೇಲೆ ಸ್ವಲ್ಪ ಯೋಚಿಸಿ, ‘ಸಂತೆ ಇಲ್ಲ ಡಾಕ್ಟ್ರೇ, ಶನಿವಾರ ನಾನು ಉಪವಾಸ ಇರ್ತೀನಿ, ಅದು ಆಗುತ್ತಾ?’ ಅಂದರು.

ಕವರ್ ಮೇಲೆ ಶನಿವಾರ ಅಂತ ಬರೆದು ಕೆಂಪು ದಾರ ಕಟ್ಟಿದೆವು.