ಹಸು, ಎತ್ತು, ಕುರಿಗಳ ನೋವನ್ನು ನಡವಳಿಕೆಯಿಂದ ಗುರುತಿಸುವ ಬಗೆ

ಹಿಂಡಿನಲ್ಲಿ ಬಲಹೀನವಾಗಿ ಕಂಡದ್ದರ ಮೇಲೆಯೇ ಹುಲಿ, ತೋಳಗಳ ಕಣ್ಣು ಬೀಳುವುದರಿಂದ ದನ ಮತ್ತು ಕುರಿಗಳಿಗೆ ನೋವನ್ನು ಅಡಗಿಸಿಕೊಳ್ಳುವುದು ಹುಟ್ಟುಗುಣವಾಗಿ ಬಂದಿದೆ. ಆದ್ದರಿಂದ ಹಸು ಕೂಗಲಿಲ್ಲ, ಒದೆಯಲಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ನೋವಿಲ್ಲ ಎಂದು ತಿಳಿಯಬಾರದು.

ಮೊದಲು ನಿಮ್ಮ ದನ ಚೆನ್ನಾಗಿರುವಾಗ ಹೇಗಿರುತ್ತದೆ ಎಂಬುದನ್ನು ಅರಿತಿರಬೇಕು. ಆರೋಗ್ಯವಂತ ಹಸು ದಿನಕ್ಕೆ ಸುಮಾರು 7ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಯಾವ ಹಸು ಗೋದಲಿಗೆ ಮೊದಲು ಬರುತ್ತದೆ, ಯಾವುದು ಯಾವ ಮಗ್ಗುಲಿಗೆ ಮಲಗುತ್ತದೆ ಎಂಬುದು ಗೊತ್ತಿದ್ದವರಿಗೆ ಮಾತ್ರ ಅದರಲ್ಲಾದ ಬದಲಾವಣೆ ಕಾಣುತ್ತದೆ.

ಕೊಟ್ಟಿಗೆಯೊಳಗೆ ಹೋಗುವ ಮುನ್ನ, ದನಗಳಿಗೆ ನಿಮ್ಮ ಸುಳಿವು ಸಿಗದಂತೆ, ಐದರಿಂದ ಹತ್ತು ನಿಮಿಷ ದೂರದಲ್ಲೇ ನಿಂತು ನೋಡಿ. ಮನುಷ್ಯರನ್ನು ಕಂಡೊಡನೆ ಅವು ಎಚ್ಚೆತ್ತು ತಲೆಯೆತ್ತುವುದರಿಂದ ಸೂಕ್ಷ್ಮ ಲಕ್ಷಣಗಳು ಮರೆಯಾಗಿಬಿಡುತ್ತವೆ. ಡೆನ್ಮಾರ್ಕಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಹಸುವಿನ ನೋವಿನ ಮಾಪಕದಲ್ಲಿ ಸುತ್ತಲಿನ ಮೇಲಿನ ಗಮನ, ತಲೆಯ ಮಟ್ಟ, ಕಿವಿ, ಮುಖ, ಬೆನ್ನು ಹಾಗೂ ಹತ್ತಿರ ಬಂದವರಿಗೆ ತೋರುವ ಪ್ರತಿಕ್ರಿಯೆಗಳನ್ನು ಅಳೆಯಲಾಗುತ್ತದೆ. ನೋವಿರುವ ಹಸು ಬೆನ್ನಿಗಿಂತ ತಲೆಯನ್ನು ತಗ್ಗಿಸಿ, ಕಿವಿಗಳನ್ನು ಹಿಂದಕ್ಕೆಳೆದು ಅಥವಾ ಜೋಲುಬಿಟ್ಟು, ಕಣ್ಣಿನ ಮೇಲ್ಭಾಗದ ಸ್ನಾಯುಗಳನ್ನು ಬಿಗಿಹಿಡಿದು, ಎಲ್ಲೋ ನೋಡುತ್ತಿರುವಂತೆ ನಿಂತಿರುತ್ತದೆ. ಕುರಿಯಲ್ಲಿ ಕಣ್ಣು ಕಿರಿದಾಗುವುದನ್ನೂ ಕೆನ್ನೆ ಬಿಗಿಯುವುದನ್ನೂ ಮೂಗಿನ ಹೊಳ್ಳೆಗಳ ಆಕಾರ ಬದಲಾಗುವುದನ್ನೂ ಗಮನಿಸಬೇಕು.

ಅನಂತರ ಗಟ್ಟಿಯಾದ ಸಮನೆಲದ ಮೇಲೆ ಹತ್ತು ಹೆಜ್ಜೆ ನಡೆಸಿ, ಪಕ್ಕದಿಂದ ಬೆನ್ನನ್ನು ನೋಡಿ. ನಿಂತಾಗ ನೇರವಾಗಿರುವ ಬೆನ್ನು ನಡೆಯುವಾಗ ಬಿಲ್ಲಿನಂತೆ ಬಾಗಿದರೆ, ಕುಂಟು ಕಣ್ಣಿಗೆ ಕಾಣುವ ಮೊದಲೇ ಗೊರಸಿನ ನೋವು ಶುರುವಾಗಿದೆ ಎಂದು ಅನುಮಾನಿಸಬೇಕು. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಉಳುವ ಎತ್ತು ನೊಗಕ್ಕೆ ಹೆಗಲು ಕೊಡಲು ಹಿಂದೆಗೆದರೆ ಅದನ್ನು ಸೋಮಾರಿತನವೆಂದು ಹೊಡೆಯುವುದಕ್ಕಿಂತ ಮುಂಚೆ ಹೆಗಲ ಬಾವನ್ನೂ ಲಾಳವನ್ನೂ ಪರೀಕ್ಷಿಸಬೇಕು. ಈ ಒಂದು ತಪ್ಪಿನಿಂದ ಎಷ್ಟೋ ಎತ್ತುಗಳು ವಿನಾಕಾರಣ ಪೆಟ್ಟು ತಿಂದಿವೆ.

ತಂತಿ ಅಥವಾ ಮೊಳೆ ನುಂಗಿದ ಹಸುವಿನ ನಿಲುವನ್ನು ಒಮ್ಮೆ ಸರಿಯಾಗಿ ನೋಡಿದವರು ಮರೆಯಲಾರರು. ಅದು ಮುಂಗಾಲುಗಳ ಮೊಣಕೈಗಳನ್ನು ಎದೆಯಿಂದ ಹೊರಕ್ಕೆ ಚಾಚಿ, ಬೆನ್ನನ್ನು ಗೂನು ಮಾಡಿ, ಸಾಧ್ಯವಾದರೆ ಮುಂಗಾಲುಗಳನ್ನು ಎತ್ತರದಲ್ಲಿಟ್ಟು ನಿಲ್ಲುತ್ತದೆ. ಏರು ಹತ್ತುತ್ತದೆ, ಆದರೆ ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ. ಮಲಗುವಾಗ ಮತ್ತು ಏಳುವಾಗ ಮುಲುಗುತ್ತದೆ. ಭುಜದ ಮೇಲಿನ ಬೆನ್ನನ್ನು ಎರಡೂ ಕೈಗಳಿಂದ ಹಿಡಿದು ಒತ್ತಿದಾಗ ಆರೋಗ್ಯವಂತ ಹಸು ಬೆನ್ನನ್ನು ತಗ್ಗಿಸುತ್ತದೆ, ಇದು ತಗ್ಗಿಸಲೊಲ್ಲದು. ಕೆಚ್ಚಲು ಬಾವಿನಲ್ಲಿ ಹಿಂಗಾಲುಗಳನ್ನು ಅಗಲಿಸಿ ನಡೆಯುವುದು, ಕರುವನ್ನೂ ಹಾಲು ಕರೆಯುವವರನ್ನೂ ಹತ್ತಿರ ಬಿಡದಿರುವುದು, ಹೊಟ್ಟೆನೋವಿನಲ್ಲಿ ಹೊಟ್ಟೆಗೆ ಒದೆಯುವುದು ಮತ್ತು ಪಕ್ಕೆಯನ್ನು ತಿರುಗಿ ನೋಡುವುದು ಕಾಣುತ್ತದೆ. ಹಲ್ಲು ಕಡಿಯುವ ಸದ್ದು ಕೇಳಿಸಿದರೆ ತಡಮಾಡಬಾರದು.

ಬೆದೆ, ಬಿಸಿಲಿನ ಝಳ, ಹೊಸಬರ ಭಯ, ಕರುವಿನಿಂದ ಅಗಲಿಕೆ ಇವುಗಳಿಂದಲೂ ನಡವಳಿಕೆ ಬದಲಾಗುವುದುಂಟು. ಆದ್ದರಿಂದ ಒಂದೇ ಲಕ್ಷಣವನ್ನು ನಂಬದೆ, ಎರಡು ಮೂರು ಲಕ್ಷಣಗಳು ಒಟ್ಟಾಗಿ ಕಂಡಾಗ ದಿನಾಂಕ, ಹೊತ್ತು, ಮೇವು, ಹಾಲಿನ ಪ್ರಮಾಣದೊಂದಿಗೆ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ನಡಿಗೆಯ ವಿಡಿಯೊ ತೆಗೆದಿಟ್ಟರೆ ಪಶುವೈದ್ಯರಿಗೆ ಬಹಳ ಅನುಕೂಲ. ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ನೋವಿನ ಮಾತ್ರೆಗಳನ್ನು ನೀವಾಗಿ ಕೊಡಬೇಡಿ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಟ್ಟ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಈ ಕಾರಣಕ್ಕಾಗಿಯೇ ಪಶುಗಳಿಗೆ ಅದರ ಬಳಕೆಯನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ರಣಹದ್ದುಗಳಿಗಾಗಿಯೇ ಧಾಮವಿರುವ ರಾಮನಗರದ ಸುತ್ತಮುತ್ತಲಿನ ರೈತರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಚಿಕಿತ್ಸೆಯಾದ ಮೇಲೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಮತ್ತೆ ಗಮನಿಸಿ. ಕಿವಿಗಳು ಸದ್ದಿನ ಕಡೆಗೆ ತಿರುಗುವುದು, ಮೈಯನ್ನು ನೆಕ್ಕಿಕೊಳ್ಳುವುದು, ಮಲಗಿ ಮೆಲುಕು ಹಾಕುವುದು ಮರಳಿ ಬಂದಿದ್ದರೆ ನೋವು ಇಳಿಯುತ್ತಿದೆ. ಮೇವು ತಿಂದರೂ ಈ ಮೂರು ಕಾಣದಿದ್ದರೆ ವೈದ್ಯರನ್ನು ಮತ್ತೊಮ್ಮೆ ಕರೆಸಿ.